ಉಳ್ಳೂರಿನಲ್ಲಿದ್ದ ಇನ್ನೊಂದು ಅರ್ಧ

ಕಿವಿರು ಎತ್ತಿ ನೋಡದೆ ನಾನು ಮೀನು ಕೊಂಡವನಲ್ಲ. ಎರ್ನಾಕುಲಂನಲ್ಲಿ ಆಟೋ ಹತ್ತಿದರೆ ಡ್ರೈವರ್ ಯಾವ ತಿರುವು ತೆಗೆದುಕೊಳ್ಳುತ್ತಾನೆ ಎಂದು ಫೋನಿನಲ್ಲಿ ಮ್ಯಾಪ್ ಹಿಡಿದೇ ಕೂರುತ್ತೇನೆ. ಮೆಡಿಕಲ್ ಅಂಗಡಿಯವನು ಒಂದು ಮಾತ್ರೆಯ ಬದಲು ಇನ್ನೊಂದು ಕೊಟ್ಟು ‘ಎರಡೂ ಒಂದೇ ಸಾರ್’ ಎಂದರೆ, ಒಂದೇ ಆದರೆ ಮೊದಲಿನದ್ದನ್ನೇ ಕೊಡು ಎನ್ನುತ್ತೇನೆ. ನನ್ನ ಹೆಂಡತಿ ಇದಕ್ಕೆ ಪೊಲೀಸ್ ಬುದ್ಧಿ ಎಂದು ಹೆಸರಿಟ್ಟಿದ್ದಾಳೆ. ಮದುವೆಯ ಮಾತುಕತೆಗೆ ಬಂದ ಅವಳ ಕಡೆಯವರನ್ನು ನಾನೇ ಒಂದು ಗಂಟೆ ವಿಚಾರಣೆ ಮಾಡಿದೆನಂತೆ. ಅವಳ ತವರಿನಲ್ಲಿ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ. ಇಂಥವನಿಗೆ ಸಿಕ್ಕಿದ್ದು ಜನರನ್ನು ನಂಬಿಸುವ ಕೆಲಸ.

ಎರ್ನಾಕುಲಂನ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ಗಡ್ಡೆಗಳ ತುಣುಕುಗಳನ್ನು ಕಾಪಾಡಿ ಇಡುವ ಬಯೋಬ್ಯಾಂಕ್ ಇದೆ. ನಾನು ಅಲ್ಲಿದ್ದೇನೆ. ಕಾಸರಗೋಡಿನ ಕಡೆ ನಮ್ಮೂರಿಗೆ ಹೋದಾಗ ಬ್ಯಾಂಕಿನಲ್ಲಿದ್ದೇನೆ ಎಂದರೆ ಯಾವ ಬ್ರಾಂಚು ಎಂದು ಕೇಳುತ್ತಾರೆ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯಲ್ಲಿ ರೋಗ ಪರೀಕ್ಷೆಗೆ ಬೇಕಾದಷ್ಟು ಹೋದ ಮೇಲೆ ಉಳಿದದ್ದನ್ನು ಸಾಮಾನ್ಯವಾಗಿ ಸುಟ್ಟುಬಿಡುತ್ತಾರೆ. ಅದರಲ್ಲಿ ಹುಣಸೆಬೀಜದಷ್ಟನ್ನು ನಾವು ತೆಗೆದುಕೊಂಡು, ಹೊಗೆಯಾಡುವ ದ್ರವ ಸಾರಜನಕದ ತೊಟ್ಟಿಯಲ್ಲಿ ಹೆಪ್ಪುಗಟ್ಟಿಸಿ ಇಡುತ್ತೇವೆ. ಮುಂದೆ ಯಾರಾದರೂ ಸಂಶೋಧಕರು ಕೇಳಿದರೆ, ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಿದರೆ, ಅದರಿಂದ ಚೂರು ಕೊಡುತ್ತೇವೆ.

ಇದಕ್ಕೆ ರೋಗಿಯ ಒಪ್ಪಿಗೆ ಬೇಕು. ಆಪರೇಷನ್ನಿನ ಹಿಂದಿನ ದಿನ ವಾರ್ಡಿಗೆ ಹೋಗಿ ಒಪ್ಪಿಗೆ ಪತ್ರವನ್ನು ಓದಿ ಹೇಳಿ ಸಹಿ ಪಡೆಯಬೇಕು. ಪತ್ರ ಇರುವುದು ಮಲಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ. ನಮ್ಮ ಕಡೆಯಿಂದ ಕನ್ನಡದವರು ಬಂದಿದ್ದರೆ ನನ್ನನ್ನೇ ಕಳಿಸುತ್ತಾರೆ. ಹೆಸರು ಹೊರಗೆ ಹೋಗುವುದಿಲ್ಲ, ಬೇಡ ಎಂದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವಿಲ್ಲ, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಎಂದು ನಾನು ಎಷ್ಟು ಜನರ ಮಂಚದ ಪಕ್ಕ ಕೂತು ಹೇಳಿದ್ದೇನೋ. ‘ನಮ್ಮ ಮಾಂಸ ತೆಗೆದು ಎಂತ ಮಾಡ್ತೀರಿ ಮಾರಾಯ್ರೆ, ವಿದೇಶಕ್ಕೆ ಮಾರ್ತೀರಾ?’ ಎಂದು ಒಬ್ಬ ಮುದುಕರು ಕೇಳಿದ್ದರು. ಇಲ್ಲವೇ ಇಲ್ಲ ಎಂದು ನಕ್ಕು ಹೇಳಿದ್ದೆ. ಹೊರಗೆ ಬಂದ ಮೇಲೆ, ಇವರ ಪ್ರಶ್ನೆಯಲ್ಲಿ ತಪ್ಪೇನಿದೆ ಎಂದು ನನಗೇ ಅನ್ನಿಸಿತ್ತು.

ನಮ್ಮದು ಒಂಟಿ ಬ್ಯಾಂಕಲ್ಲ. ಬೇರೆ ಬೇರೆ ಆಸ್ಪತ್ರೆಗಳ ಬ್ಯಾಂಕುಗಳು ಸೇರಿ ಮಾಡಿಕೊಂಡ ಒಂದು ಜಾಲ. ಒಂದೇ ಊರಿನ ರೋಗಿಗಳಿಂದ ದೊಡ್ಡ ಸಂಶೋಧನೆ ಆಗುವುದಿಲ್ಲ, ಅದಕ್ಕೆ ಎಲ್ಲರೂ ತಮ್ಮ ತಮ್ಮ ಪಟ್ಟಿಯನ್ನು ಒಟ್ಟಿಗೆ ಇಟ್ಟು ಹಂಚಿಕೊಳ್ಳುತ್ತಾರೆ. ಜಾಲದಲ್ಲಿ ಒಂದು ಪದ್ಧತಿಯಿದೆ. ಪ್ರತಿ ತುಣುಕನ್ನೂ ಎರಡು ಮಾಡಿ, ಒಂದರ್ಧ ನಮ್ಮಲ್ಲಿ, ಇನ್ನೊಂದರ್ಧ ಜೋಡಿ ಬ್ಯಾಂಕಿನಲ್ಲಿ ಇಡುವುದು. ಕೊಚ್ಚಿಯಲ್ಲಿ ನೀರು ನುಗ್ಗಿದರೂ ಕರೆಂಟು ಹೋದರೂ ಅಲ್ಲಿಯದು ಉಳಿಯಲಿ ಎಂದು. ನಮ್ಮ ಜೋಡಿ ಇರುವುದು ತಿರುವನಂತಪುರದಲ್ಲಿ, ಉಳ್ಳೂರ್ ಜಂಕ್ಷನ್ನಿನಿಂದ ಸ್ವಲ್ಪ ಒಳಗೆ. ರೋಗಿಗಳಿಗೆ ನಾವು ಈ ಎರಡು ಮಾಡುವ ವಿಷಯ ಹೇಳುವುದಿಲ್ಲ. ಪತ್ರದಲ್ಲಿ ‘ಸಹಯೋಗಿ ಸಂಸ್ಥೆಗಳಲ್ಲಿ ಸಂಗ್ರಹಿಸಬಹುದು’ ಎಂಬ ಒಂದು ಸಾಲಿದೆ, ಅಷ್ಟೇ.

ತುಣುಕಿನ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿಗೆ ಕೀಲಿ ಎನ್ನುತ್ತೇವೆ. ಅದು ಹೊರಗಿನ ಸಂಪರ್ಕವೇ ಇಲ್ಲದ ಒಂದು ಕಂಪ್ಯೂಟರಿನಲ್ಲಿರುತ್ತದೆ ಮತ್ತು ಅದನ್ನು ತೆರೆಯುವ ಅಧಿಕಾರ ಒಬ್ಬರಿಗೇ. ನಮ್ಮಲ್ಲಿ ಆ ಒಬ್ಬ ನಾನಾಗಿದ್ದೆ. ಯಾರನ್ನೂ ನಂಬದವನ ಕೈಯಲ್ಲಿ ಇದ್ದರೆ ಕ್ಷೇಮ ಎಂದು ನಮ್ಮ ಮುಖ್ಯಸ್ಥೆ, ಒಬ್ಬ ಡಾಕ್ಟರಮ್ಮ, ತಮಾಷೆ ಮಾಡಿ ನನಗೆ ಅದನ್ನು ಒಪ್ಪಿಸಿದ್ದರು. ವರ್ಷಕ್ಕೊಮ್ಮೆ ಪ್ರತಿ ಸಂಖ್ಯೆಯ ಮುಂದೆ ಆ ವ್ಯಕ್ತಿಯ ಸ್ಥಿತಿಯನ್ನು ತುಂಬಬೇಕು. ಆರೋಗ್ಯವಾಗಿದ್ದಾರೆ, ಮರುಕಳಿಸಿದೆ, ತೀರಿಕೊಂಡಿದ್ದಾರೆ. ಮೂರರಲ್ಲಿ ಒಂದು. ಇದಿಲ್ಲದಿದ್ದರೆ ಸಂಶೋಧನೆಗೆ ಆ ತುಣುಕಿನಿಂದ ದೊಡ್ಡ ಪ್ರಯೋಜನವಿಲ್ಲ.

ಹೆಂಡತಿಗೆ ಎದೆಯಲ್ಲಿ ಗಂಟು ಸಿಕ್ಕಿದ್ದು ತನ್ನದೇ ಅಳತೆಗೆ ಹೊಲಿದುಕೊಂಡ ರವಿಕೆಯನ್ನು ತೊಟ್ಟು ನೋಡುವಾಗ. ಅವಳು ಎಡಪ್ಪಳ್ಳಿಯ ನಮ್ಮ ಫ್ಲಾಟಿನಲ್ಲೇ ಹೊಲಿಗೆ ಮಾಡುತ್ತಾಳೆ. ಅವಳು ಚೇಚಿ, ಅಕ್ಕ, ಎಂದು ಕರೆಯುವ ಮೇಲಿನ ಮಹಡಿಯ ಹೆಂಗಸರಿಂದ ಹಿಡಿದು ಮಾಲಿನಲ್ಲಿ ಕೆಲಸ ಮಾಡುವ ಹುಡುಗಿಯರವರೆಗೆ ಎಲ್ಲರ ಅಳತೆ ಅವಳ ನೋಟ್‌ಬುಕ್ಕಿನಲ್ಲಿದೆ. ಆಗ ಅವಳಿಗೆ ನಲವತ್ತೂ ಆಗಿರಲಿಲ್ಲ, ಮಗಳು ಹೈಸ್ಕೂಲಿನಲ್ಲಿದ್ದಳು. ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್ ಎಂದಾಯಿತು. ಹಿಂದಿನ ದಿನ ಒಪ್ಪಿಗೆ ಪತ್ರ ಬಂತು. ಮನೆಯವರು ಒಪ್ಪಿಗೆ ಪಡೆಯುವಂತಿಲ್ಲವಾದ್ದರಿಂದ ನರ್ಸ್ ಒಬ್ಬರು ತಂದಿದ್ದರು. ಆದರೆ ಹೆಂಡತಿ ಓದಿದ್ದು ಕನ್ನಡ ಮೀಡಿಯಂ, ಹತ್ತನೇ ಕ್ಲಾಸಿನವರೆಗೆ. ಮಲಯಾಳ ನೀರು ಕುಡಿದಂತೆ ಮಾತಾಡುತ್ತಾಳೆ, ಓದಲು ಬಾರದು, ಪತ್ರದ ಗ್ರಂಥಭಾಷೆ ಕೇಳಿದರೂ ಪೂರ್ತಿ ತಿಳಿಯದು. ಹಾಗಾಗಿ ನರ್ಸ್ ಪಕ್ಕದಲ್ಲಿ ನಿಂತರು, ಓದಿ ಹೇಳಿದವನು ನಾನು.

ಊರಿಗೆಲ್ಲ ನಿಧಾನವಾಗಿ ಓದುವವನು ಅವಳಿಗೆ ಗಡಿಬಿಡಿಯಲ್ಲಿ ಓದಿದೆ. ‘ಬೇಡ ಅನ್ನಬಹುದು. ಬೇಡ ಅಂದ್ರೂ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ’ ಎಂಬ ಭಾಗವನ್ನು ಮಾತ್ರ ಎರಡು ಸಲ ಹೇಳಿದೆ.

‘ಬೇರೆಯವರಿಗೂ ಹೀಗೇ ಎರಡೆರಡು ಸಲ ಹೇಳ್ತೀರಾ?’ ಎಂದು ಕೇಳಿದಳು.

ನಾನು ಪುಟ ತಿರುಗಿಸಿದೆ. ‘ಹೇಗೂ ತೆಗೆದು ಬಿಸಾಡುವುದಲ್ವಾ, ಯಾರಿಗಾದ್ರೂ ಉಪಕಾರ ಆಗುದಾದ್ರೆ ಆಗ್ಲಿ’ ಎಂದು ಪೆನ್ನು ತೆಗೆದುಕೊಂಡು ಕನ್ನಡದಲ್ಲಿ ದುಂಡಗೆ ಸಹಿ ಹಾಕಿದಳು. ಆ ಪತ್ರದ ಒಂದೊಂದು ಸಾಲೂ ನಿಜ ಎಂದು ನನಗೆ ಗೊತ್ತಿತ್ತು. ಆದರೂ ಅವಳ ವಿಷಯಕ್ಕೆ ಬಂದಾಗ ಒಂದನ್ನೂ ನಂಬಲಾಗಲಿಲ್ಲ.

ಆಪರೇಷನ್ ಆಯಿತು, ಕೀಮೋ ಆಯಿತು, ಕೂದಲು ಹೋಗಿ ಬಂತು. ಅವಳು ಮತ್ತೆ ಹೊಲಿಯಲು ಕೂತಳು. ಒಂದು ದಿನ ನಾನು ಮಾಡಬಾರದ ಕೆಲಸ ಮಾಡಿದೆ. ಕೀಲಿ ತೆರೆದು ಅವಳ ಸಂಖ್ಯೆ ಯಾವುದೆಂದು ನೋಡಿದೆ. ಮನೆಯವರ ಹೆಸರು ಇದ್ದರೆ ಆ ಸಾಲನ್ನು ಇನ್ನೊಬ್ಬರಿಗೆ ಒಪ್ಪಿಸಬೇಕೆಂಬುದು ನಿಯಮ. ಒಪ್ಪಿಸಲಿಲ್ಲ. ನೋಡಿದ ಮೇಲೆ ಆ ಸಂಖ್ಯೆ ತಲೆಯಲ್ಲಿ ಕೂತುಬಿಟ್ಟಿತು. ಪಟ್ಟಿಯಲ್ಲಿ ಎಲ್ಲಿ ಬಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಹಾಗೆ ಒಂದು ಬೆಳಿಗ್ಗೆ ಉಳ್ಳೂರಿನ ಬ್ಯಾಂಕಿನಿಂದ ಬಂದ ಪಟ್ಟಿಯೊಂದರಲ್ಲಿ ಅದನ್ನು ಕಂಡೆ. ಚಿಕ್ಕ ವಯಸ್ಸಿನಲ್ಲಿ ಎದೆಯ ಕ್ಯಾನ್ಸರ್ ಬಂದವರ ಬಗ್ಗೆ ಏನೋ ಅಧ್ಯಯನ. ಅದರಲ್ಲಿ ಹೊರದೇಶದ ಒಂದು ಔಷಧ ಕಂಪನಿಯ ಪಾಲೂ ಇತ್ತು. ಎಲ್ಲ ಸಮಿತಿಯ ಅನುಮತಿ ಪಡೆದೇ ಆದದ್ದು. ಆದರೆ ನನಗೆ ಆ ಮುದುಕರ ಪ್ರಶ್ನೆ ನೆನಪಾಯಿತು. ಒಂದು ವಾರ ಕಳೆದು ಉಳ್ಳೂರಿನಿಂದ ಫೋನ್ ಬಂತು. ಅಲ್ಲಿಯ ಬ್ಯಾಂಕನ್ನು ನೋಡಿಕೊಳ್ಳುವ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು, ಆ ಸಂಖ್ಯೆಯನ್ನು ಹೇಳಿ ‘ಈ ದಾನಿಯ ಈಗಿನ ಸ್ಥಿತಿ ಏನು?’ ಎಂದು ಕೇಳಿದರು. ನೋಡಿ ಹೇಳುತ್ತೇನೆ ಎಂದೆ. ಹೇಳಲಿಲ್ಲ. ತಿಂಗಳು ಬಿಟ್ಟು ಅದೇ ಸಂಖ್ಯೆಗೆ ಇಮೇಲ್ ಬಂತು.

ಸಾವಿರಾರು ಜನರಲ್ಲಿ ನನ್ನ ಹೆಂಡತಿಯೇ ಏಕೆ ಬೇಕು ಇವರಿಗೆ? ಅವಳ ತುಣುಕಿನಲ್ಲಿ ಏನೋ ಸಿಕ್ಕಿರಬೇಕು, ಅದು ಆ ಕಂಪನಿಗೆ ಬೇಕಾಗಿರಬೇಕು, ನಮಗೆ ತಿಳಿಸದೆ ಇವರು ಏನೋ ನಡೆಸುತ್ತಿದ್ದಾರೆ. ಒಂದರ ಮೇಲೊಂದು ಜೋಡಿಸುತ್ತಾ ಹೋದೆ. ಕ್ಯಾಂಟೀನಿನಲ್ಲಿ ಯಾರೋ ಚಾಯ ಕುಡಿಯುತ್ತಾ ಉಳ್ಳೂರಿನ ಆ ಹೆಂಗಸು ಕಾನ್ಫರೆನ್ಸಿಗೆ ವಿದೇಶಕ್ಕೆ ಹೋಗಿ ಬಂದರಂತೆ ಎಂದರು. ನನಗೆ ಅಷ್ಟು ಸಾಕಾಯಿತು.

ಆ ವರ್ಷ ಜಾಲದ ಸಭೆ ತಿರುವನಂತಪುರದಲ್ಲಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೋದೆ. ಆಕೆ ಹತ್ತಿಯ ಸೀರೆ ಉಟ್ಟು, ಕನ್ನಡಕಕ್ಕೆ ದಾರ ಕಟ್ಟಿಕೊಂಡು, ತೊಟ್ಟಿಗಳ ಕೋಣೆಗೆ ಬೀಗ ಹಾಕಿ ಅದನ್ನು ಎರಡು ಸಲ ಎಳೆದು ನೋಡುವ ಜಾತಿಯವರು. ಯಾವ ತುಣುಕು ಯಾರಿಗೆ ಹೋಯಿತೆಂದು ಬರೆದಿಡುವ ಲಾಗ್ ಪುಸ್ತಕ ನೋಡಬಹುದೇ ಎಂದು ಕೇಳಿದೆ. ‘ಯಾವ ಕಾರಣಕ್ಕೆ?’ ಎಂದು ಅವರು ಕೇಳಿದರು. ಸುಮ್ಮನೆ ಎಂದೆ. ಸುಮ್ಮನೆ ತೋರಿಸಲು ಆಗುವುದಿಲ್ಲ ಎಂದು ನಗದೆ ಹೇಳಿದರು. ಮಧ್ಯಾಹ್ನ ಊಟವಾಗಿ ಕೈ ತೊಳೆಯುವಾಗ ಪಕ್ಕದ ನಲ್ಲಿಗೆ ಬಂದು, ಮೂರನೆಯ ಸಲ, ಆ ಸಂಖ್ಯೆಯ ಬಗ್ಗೆ ವಿಚಾರಿಸಿದರು.

‘ದಾನಿಯನ್ನು ಸಂಪರ್ಕಿಸಲು ಆಗುತ್ತಿಲ್ಲ’ ಎಂದೆ. ಅದು ಸುಳ್ಳು. ದಾನಿ ಆ ಹೊತ್ತಿನಲ್ಲಿ ಎಡಪ್ಪಳ್ಳಿಯಲ್ಲಿ ಯಾರದೋ ಮದುವೆ ರವಿಕೆಗೆ ಕಸೂತಿ ಹಾಕುತ್ತಿದ್ದಳು.

ಆಕೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಬ್ಯಾಗಿನಿಂದ ಸಣ್ಣ ಪುಸ್ತಕ ತೆಗೆದು ಏನೋ ಬರೆದುಕೊಂಡರು. ವಾಪಸು ಬರುವ ರೈಲಿನಲ್ಲಿ ಅವರು ಬರೆದುಕೊಂಡದ್ದು ಏನಿರಬಹುದು ಎಂಬುದನ್ನೇ ಕೊಲ್ಲಂನಿಂದ ಎರ್ನಾಕುಲಂವರೆಗೆ ಯೋಚಿಸಿದೆ.

ಮರುದಿನ ಒಪ್ಪಿಗೆ ಹಿಂತೆಗೆದುಕೊಳ್ಳುವ ಫಾರಂ ಒಂದನ್ನು ತೆಗೆದು ಹೆಂಡತಿಯ ಪರವಾಗಿ ತುಂಬಿದೆ. ಪರವಾಗಿ ಎನ್ನುವುದು ಮರ್ಯಾದೆಯ ಮಾತಾಯಿತು. ಅವಳನ್ನು ಕೇಳಲಿಲ್ಲ, ಹೇಳಲಿಲ್ಲ. ಅವಳ ದುಂಡು ಸಹಿಯನ್ನು ನಾನೇ ಹಾಕಿದೆ. ನಮ್ಮ ಆಫೀಸಿನಲ್ಲಿ ಕನ್ನಡ ಓದುವವರು ಬೇರೆ ಯಾರೂ ಇಲ್ಲ, ಹೋಲಿಸಿ ನೋಡುವವರಂತೂ ಇಲ್ಲವೇ ಇಲ್ಲ. ಕಾರಣ ಬರೆಯುವುದು ಕಡ್ಡಾಯವಲ್ಲದಿದ್ದರೂ ಅಚ್ಚುಕಟ್ಟಾಗಿ ನಾಲ್ಕು ಸಾಲು ಇಂಗ್ಲಿಷ್ ಬರೆದೆ. ಅವಳನ್ನು ಕಾಪಾಡುತ್ತಿದ್ದೇನೆ ಎಂದೇ ನಾನು ನಂಬಿದ್ದೆ. ಈಗ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಿರಲಿಲ್ಲ.

ನಮ್ಮಲ್ಲಿದ್ದ ಅರ್ಧವನ್ನು ನಿಯಮದ ಪ್ರಕಾರವೇ ನಾಶ ಮಾಡಿದೆವು. ಜೊತೆಗಿದ್ದ ಟೆಕ್ನಿಷಿಯನ್ ಹೆಂಗಸು ತೊಟ್ಟಿಯಿಂದ ಪುಟ್ಟ ಪ್ಲಾಸ್ಟಿಕ್ ಕೊಳವೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಮೇಲಿನ ಮಂಜು ಕರಗಿತು. ಒಳಗಿನದು ಕಲ್ಲಿನಂತಿದ್ದದ್ದು ಮೆತ್ತಗಾಗಿ, ಕೆಂಪಿಗೆ, ಒದ್ದೆಯಾಯಿತು. ಸುಡಲು ಕಳಿಸುವ ಹಳದಿ ಚೀಲಕ್ಕೆ ಹಾಕಿ ಇಬ್ಬರೂ ಸಹಿ ಮಾಡಿದೆವು. ಅವರಿಗೆ ಅದು ಯಾರದೆಂದು ಗೊತ್ತಿರಲಿಲ್ಲ. ‘ಪಾಪ, ಯಾರೋ ಹೆದರಿಕೊಂಡಿದ್ದಾರೆ’ ಎಂದರು. ಹೆಸರು, ಸಹಿ ಮರೆಮಾಡಿದ ಫಾರಂನ ಪ್ರತಿಯನ್ನು ಸಂಖ್ಯೆಯ ಜೊತೆ ಹಿಂತೆಗೆತದ ಸೂಚನೆಯಾಗಿ ಉಳ್ಳೂರಿಗೂ ಕಳಿಸಿದೆ.

ಒಂದು ತಿಂಗಳೊಳಗೆ ಮುಖ್ಯಸ್ಥೆ ನನ್ನನ್ನು ಕರೆದು, ಜವಾಬ್ದಾರಿಗಳನ್ನು ಆಗಾಗ ಬದಲಿಸುವುದು ಒಳ್ಳೆಯದು, ಇನ್ನು ಕೀಲಿ ಬೇರೆಯವರು ನೋಡಿಕೊಳ್ಳುತ್ತಾರೆ, ನೀವು ತೊಟ್ಟಿಗಳ ಮಟ್ಟ ನೋಡಿಕೊಳ್ಳಿ ಎಂದರು. ಮೊದಲಿನ ಹಾಗೆ ತಮಾಷೆ ಮಾಡಲಿಲ್ಲ. ವಾರ್ಡಿಗೆ ಹೋಗಿ ಪತ್ರ ಓದುವ ಕೆಲಸವೂ ಕಡಿಮೆಯಾಯಿತು. ನನಗೆ ಇದು ಎಲ್ಲಿಂದ ಬಂತೆಂದು ಸ್ಪಷ್ಟವಿತ್ತು. ಉಳ್ಳೂರಿನ ಆ ಹೆಂಗಸು ಚಾಡಿ ಹೇಳಿದ್ದಾರೆ, ಲಾಗ್ ಪುಸ್ತಕ ಕೇಳಿದ್ದಕ್ಕೆ ಸೇಡು ತೀರಿಸಿಕೊಂಡಿದ್ದಾರೆ, ನಾನು ಹೊರಗಿನವನು, ಮಲಯಾಳಿಯಲ್ಲ, ಅದಕ್ಕೆ. ಮನೆಗೆ ಬಂದು ಹೆಂಡತಿಯ ಮುಂದೆ ಹಲ್ಲು ಕಡಿದೆ. ಅವಳು ಮಷಿನ್ ನಿಲ್ಲಿಸದೆ ಕೇಳಿದಳು.

‘ಕೆಲಸ ಉಂಟಲ್ಲ. ಅಷ್ಟಕ್ಕೆ ಸುಮ್ಮನಿರಿ’ ಎಂದಳು.

ಅವಳಿಗೆ ಲೋಕ ಗೊತ್ತಿಲ್ಲ ಎಂದುಕೊಂಡೆ.

ಸುಮಾರು ಎರಡು ವರ್ಷ ಹಾಗೇ ನಡೆಯಿತು. ಆಮೇಲೆ ಅವಳಿಗೆ ಸೊಂಟ ನೋವು ಶುರುವಾಯಿತು. ಹೊಲಿಗೆಯ ನೋವು ಎಂದು ಇಬ್ಬರೂ ಹೇಳಿಕೊಂಡೆವು. ಸ್ಕ್ಯಾನಿನಲ್ಲಿ ಮೂಳೆಗೆ ಬಂದಿದೆ ಎಂದು ತಿಳಿಯಿತು. ಮೂಳೆಯ ಚೂರು ತೆಗೆದರು. ಅದನ್ನು ಮೆತ್ತಗೆ ಮಾಡಲು ಆಮ್ಲದಲ್ಲಿ ಇಡುವಾಗ ಒಳಗಿನ ಡಿಎನ್‌ಎ ಹಾಳಾಯಿತು. ಹೊಸದೊಂದು ಮಾತ್ರೆ ಇದೆ, ಆದರೆ ಗಡ್ಡೆಯಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಅದಕ್ಕೆ ಗಡ್ಡೆಯ ಒಳ್ಳೆಯ ತುಣುಕು ಬೇಕು ಎಂದರು ಡಾಕ್ಟರ್. ರಕ್ತದಲ್ಲಿ ಹುಡುಕಿದರು, ಕಾಣಲಿಲ್ಲ. ರಕ್ತದಲ್ಲಿ ಕಾಣದಿದ್ದರೆ ಇಲ್ಲವೆಂದು ಹೇಳುವಂತಿಲ್ಲವಂತೆ. ಮೊದಲ ಆಪರೇಷನ್ನಿನಲ್ಲಿ ತೆಗೆದದ್ದನ್ನು ಪರೀಕ್ಷೆಗೆಂದು ಮೇಣದಲ್ಲಿ ಕೂರಿಸಿಟ್ಟಿದ್ದ ಬ್ಲಾಕು ಪರೀಕ್ಷೆ ಮಾಡಿ ಮಾಡಿ ಸವೆದುಹೋಗಿತ್ತು.

‘ಆದರೆ ನಿಮಗೇನು ಚಿಂತೆ?’ ಎಂದು ಡಾಕ್ಟರ್ ನನ್ನ ಕಡೆ ತಿರುಗಿದರು. ‘ನಿಮ್ಮದೇ ಬ್ಯಾಂಕಿನಲ್ಲಿ ಇವರ ಫ್ರೆಷ್ ತುಣುಕು ಇರಬೇಕಲ್ಲ. ಚಿಕಿತ್ಸೆಗೆ ಬೇಕೆಂದರೆ ವಾಪಸು ಕೊಡುತ್ತಾರೆ.’

ಹಳದಿ ಚೀಲ ಕಣ್ಣ ಮುಂದೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಡತಿಯನ್ನು ನೋಡುವ ಧೈರ್ಯವಾಗಲಿಲ್ಲ. ಅವಳು ಡಾಕ್ಟರನ್ನು ಮಲಯಾಳದಲ್ಲಿ ಕೇಳಿದ್ದು ಇಷ್ಟೇ, ಬರಲು ಎಷ್ಟು ದಿನ ಬೇಕು ಎಂದು. ನನ್ನ ಮೇಲೆ ಇವಳಿಗೆ ಎಷ್ಟು ನಂಬಿಕೆ ಎಂದುಕೊಂಡೆ. ಆವತ್ತು ಮೆಟ್ರೋದಲ್ಲಿ ಮನೆಗೆ ಬರುವಾಗ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಈಗ ಹೇಳಬೇಕು, ಮುಂದಿನ ಸ್ಟೇಷನ್ ಬಂದಾಗ ಹೇಳಬೇಕು ಎಂದುಕೊಳ್ಳುತ್ತಾ ಎಡಪ್ಪಳ್ಳಿ ಬಂತು. ಹೇಳಲಿಲ್ಲ.

ಮುಖ್ಯಸ್ಥೆಯ ಬಳಿ ಹೋಗುವ ಧೈರ್ಯವೂ ಬರಲಿಲ್ಲ. ಡಾಕ್ಟರ್ ಅವರಿಗೆ ಬರೆದಿದ್ದರು, ನೋಡೋಣ ಎಂದಿದ್ದರಂತೆ. ಪಟ್ಟಿ ತೆಗೆದು ನೋಡಿದರೆ ಹಿಂತೆಗೆತ ಸಿಗುತ್ತದೆ, ಸಹಿ ಸಿಗುತ್ತದೆ, ನಾನು ಸಿಕ್ಕಿಬೀಳುತ್ತೇನೆ. ಕೆಲಸ ಹೋಗಲಿ, ಜೈಲಾದರೂ ಆಗಲಿ, ತುಣುಕು ಎಲ್ಲಿಂದ ತರುವುದು? ಉಳಿದಿದ್ದದ್ದು ಒಂದೇ ಆಸೆ. ಉಳ್ಳೂರಿನವರು ನನ್ನ ಸೂಚನೆಯನ್ನು ಎಲ್ಲೋ ಮೂಲೆಯಲ್ಲಿಟ್ಟು ಮರೆತಿರಲಿ. ಇಷ್ಟು ದಿನ ಅವರನ್ನು ಕಳ್ಳರು ಎಂದು ಬೈದವನು ಆ ರಾತ್ರಿಯಿಡೀ ಅವರು ಸೋಮಾರಿಗಳಾಗಿರಲಿ ಎಂದು ದೇವರನ್ನು ಬೇಡಿಕೊಂಡೆ.

ಆಫೀಸಿನ ಕೆಲಸ ಎಂದು ಮನೆಯಲ್ಲಿ ಹೇಳಿ, ಆಫೀಸಿನಲ್ಲಿ ರಜೆ ಹಾಕಿ, ಬೆಳಗಿನ ರೈಲಿಗೆ ತಿರುವನಂತಪುರಕ್ಕೆ ಹೋದೆ. ಉಳ್ಳೂರಿನಲ್ಲಿ ಇಳಿದಾಗ ಹತ್ತೂವರೆ. ಆಸ್ಪತ್ರೆಗಳ ಮುಂದೆ ಫೈಲು ಹಿಡಿದ ಜನ, ಹಣ್ಣಿನ ಗಾಡಿಗಳು, ಲಾಡ್ಜುಗಳ ಬೋರ್ಡು. ಆ ಹೆಂಗಸು ತಮ್ಮ ಕೋಣೆಯಲ್ಲಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಅದೇ ನನಗೆ ಮೊದಲು ಸಂಶಯ ಹುಟ್ಟಿಸಿತು.

ಸಂಖ್ಯೆ ಹೇಳಿದೆ. ಆ ಅರ್ಧ ಇದೆಯೋ ಎಂದು ಕೇಳಿದೆ.

‘ಇದೆ’ ಎಂದರು.

ಕುರ್ಚಿ ಹಿಡಿದು ಕೂತೆ. ಅವರು ಬಾಟಲಿಯ ನೀರು ನನ್ನ ಕಡೆ ಸರಿಸಿದರು. ನೀರು ಕುಡಿದು ನಾನು ಕೇಳಿದ್ದು, ಮೂರ್ಖನ ಹಾಗೆ, ಹಿಂತೆಗೆತ ಬಂದ ಮೇಲೂ ಏಕೆ ಇಟ್ಟುಕೊಂಡಿರಿ ಎಂದು. ಅಷ್ಟು ಹೊತ್ತಿಗೇ ನನ್ನೊಳಗಿನ ಪೊಲೀಸ್ ಎದ್ದು ಕೂತಿದ್ದ. ನಿಯಮ ಮುರಿದು ಇಟ್ಟುಕೊಂಡಿದ್ದಾರಲ್ಲ, ಯಾರಿಗಾಗಿ?

ಅವರು ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು. ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಬೆರೆಸಿ ನಿಧಾನವಾಗಿ ಹೇಳಿದರು. ‘ಆ ಫಾರಂನಲ್ಲಿ ಕಾರಣದ ಕೆಳಗೆ ಒಂದು ಸಾಲಿತ್ತು. ಜೋಡಿ ಬ್ಯಾಂಕಿನಲ್ಲಿರುವ ಇನ್ನೊಂದು ಅರ್ಧವನ್ನೂ ನಾಶಪಡಿಸಬೇಕಾಗಿ ವಿನಂತಿ ಎಂದು. ನಾನು ಇಷ್ಟು ವರ್ಷದಲ್ಲಿ ಹಲವು ಹಿಂತೆಗೆತ ನೋಡಿದ್ದೇನೆ. ಅರ್ಧ ಅರ್ಧ ಮಾಡಿ ಎರಡು ಊರಲ್ಲಿ ಇಡುತ್ತೇವೆ ಎಂದು ಯಾವ ರೋಗಿಗೆ ಗೊತ್ತಿರುತ್ತದೆ? ಅದು ಗೊತ್ತಿರುವುದು ನಮಗೆ ಮಾತ್ರ.’

ನಾನು ಬರೆದ ನಾಲ್ಕು ಸಾಲಿನಲ್ಲಿ ಕೊನೆಯದು ಅದೇ.

‘ಮೂರು ಸಲ ನಿಮ್ಮನ್ನು ಕೇಳಿದ್ದೆ’ ಎಂದರು. ‘ನಿಮ್ಮ ಪಟ್ಟಿಯಲ್ಲಿ ಎಲ್ಲರ ಸ್ಥಿತಿ ತುಂಬಿತ್ತು. ಆ ಒಂದು ಸಂಖ್ಯೆಯ ಮುಂದೆ ಮಾತ್ರ ಖಾಲಿ. ಅದಿಲ್ಲದೆ ಅಧ್ಯಯನಕ್ಕೆ ಸೇರಿಸುವಂತಿರಲಿಲ್ಲ. ಅದಕ್ಕೆ ಕೇಳಿದ್ದು, ಬೇರೆ ಏನಕ್ಕೂ ಅಲ್ಲ.’

ಅದು ನಿಜವಾಗಿತ್ತು. ಎಲ್ಲರ ಮುಂದೆ ತುಂಬಿದವನು ನಾನೇ. ಆರೋಗ್ಯವಾಗಿದ್ದಾರೆ, ತೀರಿಕೊಂಡಿದ್ದಾರೆ ಎಂದು ದಿನಕ್ಕೆ ಮೂವತ್ತು ನಲವತ್ತು ಸಾಲು. ಅವಳ ಸಾಲಿಗೆ ಬಂದಾಗ ಬೆರಳು ಆಡುತ್ತಿರಲಿಲ್ಲ. ಆರೋಗ್ಯವಾಗಿದ್ದಾರೆ ಎಂದು ಬರೆದರೆ ಏನಾದರೂ ಆಗಿಬಿಡುತ್ತದೆ ಎಂಬ ಹೆದರಿಕೆ. ಆಮೇಲೆ ನೋಡೋಣ ಎಂದು ಮುಂದೆ ಹೋಗುತ್ತಿದ್ದೆ. ಇವರು ಒಂದೇ ಸಂಖ್ಯೆಯನ್ನು ಏಕೆ ಹಿಂಬಾಲಿಸುತ್ತಿದ್ದಾರೆ ಎಂದು ವರ್ಷವಿಡೀ ತಲೆ ಕೆಡಿಸಿಕೊಂಡವನಿಗೆ ಈ ಖಾಲಿ ಜಾಗ ಒಮ್ಮೆಯೂ ಹೊಳೆದಿರಲಿಲ್ಲ.

‘ಸಂಶಯ ಬಂದರೆ ದಾನಿಯನ್ನು ನೇರ ಕೇಳಬೇಕು ಎಂಬುದು ನಿಯಮ’ ಎಂದು ಅವರು ಮುಂದುವರಿಸಿದರು. ‘ನನಗೆ ಹೆಸರು ಗೊತ್ತಿಲ್ಲ, ಗೊತ್ತಾಗಲೂಬಾರದು. ನಿಮ್ಮ ಮುಖ್ಯಸ್ಥೆಗೆ ಬರೆದೆ. ನಿಮ್ಮಲ್ಲಿದ್ದ ಮೂಲ ಫಾರಂನಲ್ಲಿ ಹೆಸರು ನೋಡಿ ಅವರೇ ದಾನಿಗೆ ಫೋನ್ ಮಾಡಿದರು. ದಾನಿ ಇಟ್ಟುಕೊಳ್ಳಿ ಅಂದರಂತೆ.’

‘ಯಾವಾಗ?’

‘ಆಗಲೇ. ಫಾರಂ ಬಂದ ಮರುವಾರ.’

ನಾನು ಎದ್ದು ಕೈ ಮುಗಿದೆ. ಅವರು ವಾಪಸು ಮುಗಿಯಲಿಲ್ಲ. ದಾನಿ ಯಾರೆಂದು ಅವರಿಗೆ ಆಗ ಅರ್ಥವಾಗಿರಬೇಕು. ಬಾಗಿಲವರೆಗೆ ಬಂದು ‘ನಿನ್ನೆಯೇ ನಿಮ್ಮ ಮುಖ್ಯಸ್ಥೆ ಕೇಳಿದ್ದಾರೆ. ದಾನಿಯ ಸಹಿ ಬಂದ ಕೂಡಲೇ ಕಳಿಸುತ್ತೇನೆ’ ಎಂದು ಮಾತ್ರ ಹೇಳಿದರು.

ಓದುವವರನ್ನು ಕಾಯಿಸುವುದು ಬೇಡ. ತುಣುಕು ಬಂತು, ಪರೀಕ್ಷೆಯಲ್ಲಿ ಹುಡುಕುತ್ತಿದ್ದ ಬದಲಾವಣೆ ಸಿಕ್ಕಿತು. ಹೆಂಡತಿ ಈಗ ಆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಸೊಂಟ ನೋವು ಇಳಿದಿದೆ, ಹೊಲಿಗೆಗೆ ಕೂರುತ್ತಾಳೆ. ಎಷ್ಟು ದಿನ ಎಂದು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ನಾನು ಹೇಳಬೇಕಾದದ್ದು ಉಳ್ಳೂರಿನಿಂದ ವಾಪಸಾದ ಆ ಸಂಜೆಯ ವಿಷಯ. ರೈಲಿನಲ್ಲಿ ಬರುವಾಗ ನನಗೆ ಕೃತಜ್ಞತೆ ಬರಬೇಕಿತ್ತು. ಬಂದದ್ದು ಬೇರೆಯೇ. ಎರಡು ವರ್ಷ! ಅಷ್ಟು ಕಾಲ ಇವಳು ನನ್ನ ಜೊತೆ ಊಟ ಮಾಡಿದ್ದಾಳೆ, ನಾನು ಉಳ್ಳೂರಿನವರನ್ನು ಬೈಯುವಾಗ ಮಷಿನ್ ತುಳಿಯುತ್ತಾ ಕೇಳಿದ್ದಾಳೆ, ಡಾಕ್ಟರ ಮುಂದೆ ಎಷ್ಟು ದಿನ ಬೇಕೆಂದು ಕೇಳಿದ್ದಾಳೆ, ಮೆಟ್ರೋದಲ್ಲಿ ಕಿಟಕಿ ನೋಡಿದ್ದಾಳೆ. ಮೀನು ಮಾರುವವನನ್ನು, ಆಟೋದವನನ್ನು, ಎಲ್ಲರನ್ನೂ ಸಂಶಯಪಟ್ಟವನು ಮನೆಯೊಳಗಿನ ಈ ಒಬ್ಬಳನ್ನು ಮಾತ್ರ ಎಳ್ಳುಕಾಳಷ್ಟೂ ಸಂಶಯಪಟ್ಟಿರಲಿಲ್ಲ. ಸಿಟ್ಟು ಬಂತು. ಸಿಟ್ಟು ಮಾಡುವ ಹಕ್ಕು ನನಗೆಲ್ಲಿದೆ ಎಂದು ಹೊಳೆದು ಅದೂ ಇಳಿಯಿತು.

ಮನೆಗೆ ಬಂದಾಗ ಅವಳು ಊಟದ ಮೇಜಿನ ಮುಂದೆ ಕೂತಿದ್ದಳು. ಮಗಳು ಕಾಲೇಜಿನಿಂದ ಬಂದು ಅದೇ ಮೇಜಿನಲ್ಲಿ ಚಾಯ ಕುಡಿಯುತ್ತಿದ್ದಳು. ಮೇಜಿನ ಮೇಲೆ ಆಸ್ಪತ್ರೆಯ ಒಂದು ಲಕೋಟೆ.

‘ನೀವು ರಜೆ ಅಂತ ನರ್ಸ್ ಹೇಳಿದ್ರು. ಉಳ್ಳೂರಿಗೆ ಹೋಗಿದ್ರಾ?’ ಎಂದಳು.

‘ಹೋಗಿದ್ದೆ. ನಿನಗೆ ಮೊದಲೇ ಗೊತ್ತಿತ್ತು.’

‘ಗೊತ್ತಿತ್ತು.’

‘ನನ್ನನ್ನು ಒಂದು ಮಾತು ಕೇಳಲಿಲ್ಲ.’

‘ನೀವು ನನ್ನ ಕೇಳಿದ್ರಾ?’ ಎಂದಳು. ದನಿ ಏರಿಸಲಿಲ್ಲ. ‘ಮೇಡಂ ಫೋನ್ ಮಾಡಿ, ನೀವು ಸಹಿ ಹಾಕಿದ್ದು ಹೌದಾ ಅಂತ ಕೇಳಿದ್ರು. ನಾನು ಹಾಕ್ಲಿಲ್ಲ ಅಂದೆ. ಹಾಗಾದ್ರೆ ಯಾರು ಅಂತ ಅವರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಕೀಲಿ ಅವರ ಕೈಯಿಂದ ತೆಗೀರಿ, ಕೆಲಸ ತೆಗೀಬೇಡಿ ಅಂತ ನಾನೇ ಹೇಳಿದ್ದು. ಮಗಳ ಓದು ಉಂಟು ಅಂದೆ.’

‘ಎರಡು ವರ್ಷ...’

‘ನೀವಾಗಿ ಹೇಳ್ತೀರಿ ಅಂತ ಕಾದೆ. ಸ್ಕ್ಯಾನ್ ಬಂದ ದಿನ ಹೇಳ್ತೀರಿ ಅಂದುಕೊಂಡೆ. ಮೊನ್ನೆ ಮೆಟ್ರೋದಲ್ಲಿ ಅಂತೂ ಹೇಳಿಯೇ ಹೇಳ್ತೀರಿ ಅಂತ ಕೂತಿದ್ದೆ.’

ಹೆದರಿಕೆಯಿಂದ ಮಾಡಿದೆ ಎನ್ನಬಹುದಿತ್ತು, ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತಪ್ಪಾಯಿತು ಎಂದೆ. ಅವಳು ತಲೆಯಾಡಿಸಿದಳು. ಕ್ಷಮಿಸಿದಳೋ, ಕೇಳಿಸಿತು ಎಂದಳೋ ತಿಳಿಯಲಿಲ್ಲ.

ಲಕೋಟೆಯಿಂದ ಪತ್ರ ತೆಗೆದಳು. ಇಟ್ಟ ತುಣುಕನ್ನು ಚಿಕಿತ್ಸೆಗಾಗಿ ಬಿಡುಗಡೆ ಮಾಡಲು ದಾನಿಯ ಒಪ್ಪಿಗೆ. ನರ್ಸ್ ಮಧ್ಯಾಹ್ನ ತಂದುಕೊಟ್ಟಿದ್ದರಂತೆ. ಮಲಯಾಳದಲ್ಲಿ ಎರಡು ಪುಟ, ಕೊನೆಗೆ ಸಹಿ, ಅದರ ಕೆಳಗೆ ಸಾಕ್ಷಿಯ ಸಹಿ. ಎಷ್ಟೋ ವರ್ಷದ ರೂಢಿಯಲ್ಲಿ ಕೈ ಚಾಚಿದೆ, ಓದಿ ಹೇಳಲು.

ಅವಳು ಅದನ್ನು ಮಗಳ ಮುಂದೆ ಇಟ್ಟಳು. ಮಗಳಿಗೆ ಆ ವರ್ಷ ಹದಿನೆಂಟು ತುಂಬಿತ್ತು, ಸಾಕ್ಷಿ ಹಾಕುವ ವಯಸ್ಸು. ನಾವು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುವ ಹುಡುಗಿ. ನನ್ನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಚಾಯದ ಲೋಟ ಪಕ್ಕಕ್ಕಿಟ್ಟು ‘ಞಾನ್ ವಾಯಿಕ್ಕಾಂ’, ನಾನು ಓದುತ್ತೇನೆ, ಎಂದು ಪತ್ರ ಎತ್ತಿಕೊಂಡಳು. ಒಂದೊಂದು ಸಾಲನ್ನು ಮಲಯಾಳದಲ್ಲಿ ಓದಿ, ನಿಲ್ಲಿಸಿ, ಅಮ್ಮನಿಗೆ ಸಂಶಯ ಉಳಿಯಬಾರದೆಂದು ತನ್ನ ಮುರುಕು ಕನ್ನಡದಲ್ಲಿ ಅರ್ಥ ಹೇಳತೊಡಗಿದಳು. ಎರಡನೇ ಪುಟದಲ್ಲಿ ಒಂದು ಕಡೆ ಅರ್ಥ ತಪ್ಪಿತು. ಉಳಿದ ಚೂರನ್ನು ಮತ್ತೆ ಬ್ಯಾಂಕಿಗೆ ಸೇರಿಸಬಹುದು ಎಂದಿದ್ದದ್ದನ್ನು ಸುಡುತ್ತಾರೆ ಎಂದು ಹೇಳಿದಳು. ತಿದ್ದಲು ಬಾಯಿ ತೆರೆದೆ.

ಹೆಂಡತಿ ನನ್ನ ಕಡೆ ನೋಡದೆಯೇ ಕೈ ಎತ್ತಿ ತಡೆದಳು.

‘ಇನ್ನೊಮ್ಮೆ ನಿಧಾನ ಓದು ಮಗಾ’ ಎಂದಳು ಅವಳಿಗೆ. ‘ನೀನೇ ಓದು.’